ಹುರುಳಿ ಸೂಪ್ ನೀರುನೀರಾಗೋದು ಯಾಕೆ?

ಟೊಮೆಟೊ, ಹುಣಸೆರಸ ಎಲ್ಲ ಒಟ್ಟಿಗೆ ಹಾಕಿ ಕುಕ್ಕರ್ ಇಟ್ಟೆ, ಕಾಳು ಬೇಯಲಿಲ್ಲ, ಸೂಪ್ ನೀರುನೀರಾಯ್ತು ಅಂದಿದ್ದೀರಿ. ತೊಂದರೆ ಹುಳಿಯದ್ದೇ. ಅದು ಮೊದಲೇ ಬಿದ್ದರೆ ಕಾಳು ಬಿಗಿದುಕೊಳ್ಳುತ್ತೆ, ಬೇಗ ಮೆತ್ತಗಾಗಲ್ಲ. ಹಳೇ ಹುರುಳಿಯಾದರೆ ಇನ್ನೂ ಕಷ್ಟ.

1 ಲೋಟ ಹುರುಳಿಯಲ್ಲಿ ಕಲ್ಲು ಆರಿಸಿ (ಕಾಳಿನ ಬಣ್ಣದ್ದೇ ಕಲ್ಲು ಇರುತ್ತೆ, ಹುಷಾರು), ರಾತ್ರಿಯಿಡೀ ನೆನೆಸಿ. ಆ ನೀರು ಚೆಲ್ಲಿ, ಹೊಸದಾಗಿ 5 ಲೋಟ ನೀರು, ಚಿಟಿಕೆ ಅರಿಶಿನ ಹಾಕಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬದಿರಲಿ. ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 20-25 ನಿಮಿಷ. ಕಾಳನ್ನು ಬೆರಳಲ್ಲಿ ಹಿಚುಕಿದರೆ ಹಿಟ್ಟಿನಂತಾಗಬೇಕು. ನಡುವೆ ಗಟ್ಟಿ ಸಿಕ್ಕರೆ ಮತ್ತೆ ಇಡಿ.

ಮಂದ ಬರೋಕೆ ಕಾರ್ನ್‌ಫ್ಲೋರ್ ಬೇಡವೇ ಬೇಡ, ಹುರುಳಿಯ ಪರಿಮಳ ಸಪ್ಪೆಯಾಗುತ್ತೆ. ಬೆಂದ ಕಾಳಲ್ಲಿ ಅರ್ಧ ಲೋಟ ತೆಗೆದು, ಆರಿದ ಮೇಲೆ ನುಣ್ಣಗೆ ರುಬ್ಬಿ, ಕಾಳು ಬೆಂದ ನೀರಿಗೆ ಬೆರೆಸಿ. ಬಾಣಲೆಯಲ್ಲಿ ತುಪ್ಪ, ಜೀರಿಗೆ, ಜಜ್ಜಿದ 6 ಎಸಳು ಬೆಳ್ಳುಳ್ಳಿ ಹುರಿದು, 2 ಟೊಮೆಟೊ ಪೂರ್ತಿ ಕರಗುವವರೆಗೆ ಬಾಡಿಸಿ ಈಗ ಸೇರಿಸಿ. ಉಪ್ಪು, ಕಾಳುಮೆಣಸಿನ ಪುಡಿ ಹಾಕಿ 5 ನಿಮಿಷ ಕುದಿಸಿ. ಹುಣಸೆ ಬಿಟ್ಟುಬಿಡಿ. ಆರಿದಂತೆ ಗಟ್ಟಿಯಾಗುತ್ತೆ, ಆಗ ತಣ್ಣೀರಲ್ಲ, ಬಿಸಿನೀರು ಹಾಕಿ ಹದ ಮಾಡಿಕೊಳ್ಳಿ.