ಸಂಪಾದಕರ ಉತ್ತರ: ಹತ್ತು ಗಜವನ್ನೂ ಬೇಡವೆಂದ ಓಟಗಾರ

ಮಾನ್ಯ ಓದುಗರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿದೆ. ಮಿಶಿಗನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಕ್ರೀಡಾಂಗಣದ ಹೊರಗೆ ಅಮೆರಿಕನ್ ಫುಟ್‌ಬಾಲ್ ಓಟಗಾರ ಬ್ಯಾರಿ ಸ್ಯಾಂಡರ್ಸ್ ಅವರ ಪ್ರತಿಮೆ ನೋಡಿದಿರಿ, ಅಳಿಯಂದಿರು ಅವರ ಕಥೆ ಹೇಳಿದರು, ಕಥೆ ನಿಮಗೆ ರುಚಿಸಲಿಲ್ಲ. 'ದಾಖಲೆ ಕೈಗೆಟಕುವಷ್ಟು ಹತ್ತಿರದಲ್ಲಿದ್ದಾಗ ತಂಡವನ್ನು ನಡುನೀರಿನಲ್ಲಿ ಬಿಟ್ಟು, ಒಂದು ಫ್ಯಾಕ್ಸ್ ಕಳಿಸಿ ಹೊರಟುಹೋದವರಿಗೆ ಪ್ರತಿಮೆ ಏಕೆ? ಇದು ಪಲಾಯನವಲ್ಲವೇ?' ಎಂದು ಕೇಳಿದ್ದೀರಿ. ರನ್ನಿಂಗ್ ಬ್ಯಾಕ್ ಆಗುತ್ತೇನೆಂದು ಹಟ ಹಿಡಿದಿರುವ ಒಂಬತ್ತು ವರ್ಷದ ಮೊಮ್ಮಗನನ್ನು ಏನು ಮಾಡಲಿ ಎಂದೂ ಕೇಳಿದ್ದೀರಿ.

ಈ ಆಟ ನೋಡಿರದ ಓದುಗರೂ ಇರುವುದರಿಂದ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಪಡೆದು, ಹನ್ನೊಂದು ಜನ ಎದುರಾಳಿಗಳ ನಡುವೆ ನುಗ್ಗುವವರೇ ರನ್ನಿಂಗ್ ಬ್ಯಾಕ್. ಮೂರು ಗಜ, ನಾಲ್ಕು ಗಜ, ಬಿದ್ದು ಎದ್ದು ಮತ್ತೆ ಎರಡು ಗಜ. ಕಬಡ್ಡಿಯ ರೈಡರ್‌ಗೆ ತನ್ನ ಅಂಕಣಕ್ಕೆ ಮರಳುವ ದಾರಿಯಾದರೂ ಇರುತ್ತದೆ. ಇವರಿಗೆ ಹಿಂದಕ್ಕೆ ಬಂದಷ್ಟೂ ನಷ್ಟ. ಸ್ಯಾಂಡರ್ಸ್ ಹತ್ತು ವರ್ಷಗಳಲ್ಲಿ 3,062 ಬಾರಿ ಹೀಗೆ ನುಗ್ಗಿ 15,269 ಗಜ ಗಳಿಸಿದರು. ಕಿಲೋಮೀಟರ್ ಲೆಕ್ಕದಲ್ಲಿ ಹದಿನಾಲ್ಕೂ ಪೂರ್ತಿ ಆಗುವುದಿಲ್ಲ. ಒಂದು ಬೆಳಗಿನ ಓಟದ ದೂರಕ್ಕೆ ಹತ್ತು ವರ್ಷದ ದೇಹ ಸವೆದಿದೆ.

ಅವರು ಹುಟ್ಟಿದ್ದು 1968ರಲ್ಲಿ, ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನಲ್ಲಿ. ತಂದೆ ವಿಲಿಯಂ ಬಡಗಿ, ಚಾವಣಿ ಹೊದಿಸುವ ಕೆಲಸವನ್ನೂ ಮಾಡುತ್ತಿದ್ದರು; ಮನೆಯಲ್ಲಿ ಹನ್ನೊಂದು ಮಕ್ಕಳು. ಎತ್ತರ ಐದಡಿ ಎಂಟಂಗುಲ ಅಷ್ಟೇ. ಶಾಲೆಯಲ್ಲಿ ಕೊನೆಯ ವರ್ಷದ ಕೆಲವೇ ಪಂದ್ಯಗಳಲ್ಲಿ ಈ ಸ್ಥಾನ ಸಿಕ್ಕಿದ್ದು. ಆಳು ಗಿಡ್ಡ ಎಂದು ಹೆಚ್ಚಿನ ಕಾಲೇಜುಗಳು ತಿರುಗಿ ನೋಡಲಿಲ್ಲ. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯ ಕರೆದುಕೊಂಡಿತಾದರೂ ಅಲ್ಲಿಯೂ ಥರ್ಮನ್ ಥಾಮಸ್ ಎಂಬ ಘಟಾನುಘಟಿಯ ಹಿಂದೆ ಕಾದು ಕೂರಬೇಕಾಯಿತು. ಥಾಮಸ್ ಹೋದ ಮೇಲೆ, 1988ರಲ್ಲಿ, ಹನ್ನೊಂದೇ ಪಂದ್ಯಗಳಲ್ಲಿ 2,628 ಗಜ ಓಡಿ ತಮ್ಮನ್ನು ಬೇಡವೆಂದವರೆಲ್ಲರೂ ಹುಬ್ಬೇರಿಸುವಂತೆ ಮಾಡಿದರು. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಘೋಷಣೆಯಾದಾಗ ಅವರು ಪಂದ್ಯವಾಡಲು ಟೋಕಿಯೊದಲ್ಲಿದ್ದರು.

ಮರುವರ್ಷ ಡೆಟ್ರಾಯಿಟ್ ಲಯನ್ಸ್ ತಂಡ ಅವರನ್ನು ಆಯ್ದುಕೊಂಡಿತು. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಮೊದಲ ವರ್ಷದಲ್ಲಿ ಎಂಬುದು ನನ್ನ ಎಣಿಕೆ. 1989ರ ಕೊನೆಯ ಪಂದ್ಯ, ಅಟ್ಲಾಂಟಾದಲ್ಲಿ. ಲಯನ್ಸ್ ಗೆಲ್ಲುವುದು ಖಚಿತವಾಗಿತ್ತು. ಇನ್ನು ಹತ್ತು ಗಜ ಓಡಿದರೆ ಆ ವರ್ಷ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಓಡಿದ ಆಟಗಾರನೆಂಬ ಪಟ್ಟದಲ್ಲಿ ಸ್ಯಾಂಡರ್ಸ್ ಇನ್ನೊಂದು ತಂಡದ ಕ್ರಿಸ್ಟಿಯನ್ ಒಕೋಯೆ ಅವರಿಗೆ ಸಮನಾಗುತ್ತಿದ್ದರು, ಮತ್ತೊಂದು ಗಜ ಸೇರಿದರೆ ಪಟ್ಟ ಸ್ಯಾಂಡರ್ಸ್ ಒಬ್ಬರದೇ ಆಗುತ್ತಿತ್ತು. ಕೋಚ್ ವೇಯ್ನ್ ಫಾಂಟೆಸ್ ವಿಷಯ ತಿಳಿಸಿ, ಮೈದಾನಕ್ಕೆ ಇಳಿಯುತ್ತೀಯಾ ಎಂದು ಕೇಳಿದರು. ಬೇಡ, ಗೆದ್ದು ಮನೆಗೆ ಹೋಗೋಣ ಎಂದು ಹುಡುಗ ಬೆಂಚಿನಲ್ಲೇ ಉಳಿದರು. 1,480ಕ್ಕೆ ಎದುರಾಗಿ 1,470! ಇಪ್ಪತ್ತೊಂದರ ವಯಸ್ಸಿನಲ್ಲಿ ಹತ್ತು ಗಜಕ್ಕೆ ಆಸೆಪಡದವರು ಮೂವತ್ತೊಂದರಲ್ಲಿ 1,457 ಗಜಕ್ಕಾಗಿ ಕಾದು ಕೂರುತ್ತಾರೆಂದು ಜನ ಏಕೆ ನಂಬಿದರೋ! ಅಲ್ಲಿಯವರೆಗೆ ವೃತ್ತಿಜೀವನದಲ್ಲಿ ಅತಿ ಹೆಚ್ಚು ಓಡಿದ್ದ ವಾಲ್ಟರ್ ಪೇಟನ್ ಅವರ 16,726 ಗಜಗಳ ದಾಖಲೆಗೆ ಉಳಿದಿದ್ದದ್ದು ಅಷ್ಟೇ, ಅವರ ಮಟ್ಟಿಗೆ ಒಂದು ವರ್ಷದ ಕೆಲಸ. ಚೆಂಡನ್ನು ಎದುರಾಳಿಗಳ ಗೋಲ್ ಗೆರೆಯಾಚೆ ಒಯ್ದು ಟಚ್‌ಡೌನ್ ಗಳಿಸಿದಾಗಲೂ ಕುಣಿತವಿಲ್ಲ, ಚೆಂಡನ್ನು ಅಂಪೈರ್ ಕೈಗಿಟ್ಟು ನಡೆದುಬಿಡುತ್ತಿದ್ದರು. ಓಡಿ ಗಳಿಸಿದ ಟಚ್‌ಡೌನ್‌ಗಳ ಒಟ್ಟು ಲೆಕ್ಕ ನೋಡಿ: 99. ನೂರನೆಯದಕ್ಕೂ ನಿಲ್ಲಲಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ನುಂಗಲಾರದ ತುತ್ತು.

ಹಾಗಿದ್ದರೆ ಅವರಿಗೆ ಬೇಕಿದ್ದದ್ದೇನು? ಗೆಲುವು. ಅದೊಂದನ್ನೇ ಲಯನ್ಸ್ ಕೊಡಲಿಲ್ಲ. 1992ರ ಜನವರಿಯಲ್ಲಿ ಡಲ್ಲಾಸ್ ತಂಡವನ್ನು 38-6ರಿಂದ ಸದೆಬಡಿದದ್ದು ಅವರ ಹತ್ತು ವರ್ಷಗಳ ಏಕೈಕ ನಾಕೌಟ್ ಗೆಲುವು. ಆ ಪಂದ್ಯದ ಒಂದು ಓಟದ ವಿಡಿಯೊವನ್ನು ಮೊಮ್ಮಗನ ಜೊತೆ ಕುಳಿತು ನೋಡಿ. ಎದುರಾಳಿಗಳು ಸುತ್ತುವರಿದು ಮೈಮೇಲೆ ಕೈ ಹಾಕಿದ್ದಾರೆ, ಆಟ ಮುಗಿಯಿತೆಂದೇ ನಮಗೆ ಅನಿಸುತ್ತದೆ. ಕ್ಷಣಾರ್ಧದಲ್ಲಿ ಆ ಗುಂಪಿನ ಸಂದಿಯಿಂದ ನುಣುಚಿ ಗೆರೆಯತ್ತ ಓಡುತ್ತಿರುತ್ತಾರೆ. ಮುಂದಿನ ನಾಕೌಟ್ ಗೆಲುವಿಗೆ ಡೆಟ್ರಾಯಿಟ್ ಜನ 2024ರ ಜನವರಿಯವರೆಗೆ ಕಾದರು.

ಇನ್ನೊಂದು ಕಾರಣವೂ ಇತ್ತೆಂದು ನನ್ನ ಊಹೆ, ಅದನ್ನು ಅವರು ದೊಡ್ಡದಾಗಿ ಹೇಳಿಕೊಂಡವರಲ್ಲ. ಓಟಗಾರನಿಗೆ ದಾರಿ ಮಾಡಿಕೊಡುವುದು ಮುಂದಿನ ಸಾಲಿನ ಐವರು ಧಡೂತಿ ಆಟಗಾರರು. ಆ ಸಾಲಿನ ಮೈಕ್ ಅಟ್ಲಿ 1991ರ ನವೆಂಬರ್‌ನಲ್ಲಿ ಮೈದಾನದಲ್ಲೇ ಬೆನ್ನುಹುರಿಗೆ ಪೆಟ್ಟಾಗಿ ನಡಿಗೆ ಕಳೆದುಕೊಂಡರು. ಮರುವರ್ಷ ಎರಿಕ್ ಆಂಡೊಲ್ಸೆಕ್ ತಮ್ಮ ಮನೆಯ ಅಂಗಳದಲ್ಲಿದ್ದಾಗ ರಸ್ತೆ ಬಿಟ್ಟು ನುಗ್ಗಿದ ಲಾರಿಗೆ ಬಲಿಯಾದರು. ಇನ್ನು 1997ರ ಡಿಸೆಂಬರ್ 21. ಸ್ಯಾಂಡರ್ಸ್ ಆ ವರ್ಷದ ಮೊದಲ ಎರಡು ಪಂದ್ಯಗಳಲ್ಲಿ ಓಡಿದ್ದು ಬರೀ 53 ಗಜ. ಬಳಿಕ ಸತತ ಹದಿನಾಲ್ಕು ಪಂದ್ಯಗಳಲ್ಲಿ ನೂರು ದಾಟಿ, ಅಂದು ಎರಡು ಸಾವಿರದ ಗಡಿ ಮುಟ್ಟಿದರು. ವರ್ಷದ ಮೊತ್ತ 2,053. ಅದೇ ಪಂದ್ಯದಲ್ಲಿ ಸಹ ಆಟಗಾರ ರೆಗ್ಗಿ ಬ್ರೌನ್ ಉಸಿರು ನಿಂತು ಮೈದಾನದಲ್ಲಿ ಬಿದ್ದಿದ್ದರು. ಕೃತಕ ಉಸಿರಾಟ ಕೊಟ್ಟು ಉಳಿಸಿಕೊಂಡರು, ಆದರೆ ಅವರು ಮತ್ತೆ ಆಡಲಿಲ್ಲ. ಬದುಕಿನ ದೊಡ್ಡ ಸಾಧನೆಯ ದಿನ ಆ ದೃಶ್ಯವನ್ನು ಕಣ್ಣಾರೆ ಕಂಡವರು ಇನ್ನೆರಡೇ ವರ್ಷಗಳಲ್ಲಿ ಸಾಕು ಎಂದರೆ ಅದಕ್ಕೆ ಪಲಾಯನ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಫ್ಯಾಕ್ಸ್ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆಗೆ ವಾಲುತ್ತೇನೆ. 1999ರ ಜುಲೈ ಕೊನೆ, ತರಬೇತಿ ಶಿಬಿರದ ಹೊಸ್ತಿಲು. ಊರಿನ ಪತ್ರಿಕೆ 'ವಿಚಿಟಾ ಈಗಲ್'ಗೆ ಹೇಳಿಕೆ ಕಳಿಸಿ ಲಂಡನ್‌ಗೆ ಹೊರಟುಬಿಟ್ಟರು. ಆಡುವ ಆಸೆಗಿಂತ ಬಿಡುವ ಆಸೆಯೇ ಹೆಚ್ಚಾಗಿದೆ ಎಂಬುದು ಅದರ ಸಾರ. ಅಷ್ಟು ವರ್ಷ ಚಳಿಯಲ್ಲಿ ಟಿಕೆಟ್‌ಗೆ ಸಾಲು ನಿಂತ ಅಭಿಮಾನಿಗಳ ಮುಂದೆ ಬಂದು ನಾಲ್ಕು ಮಾತು ಆಡಬಹುದಿತ್ತು. ತಂಡಕ್ಕೆ ಬದಲಿ ಓಟಗಾರನನ್ನು ಹುಡುಕುವ ಸಮಯವನ್ನಾದರೂ ಕೊಡಬಹುದಿತ್ತು. ಒಪ್ಪಂದದ ಹೊತ್ತಿಗೆ ಪಡೆದ ಬೋನಸ್‌ನಲ್ಲಿ ಒಂದು ಪಾಲನ್ನು ಮರಳಿಸುವಂತೆ ಮಧ್ಯಸ್ಥಗಾರರು ತೀರ್ಪಿತ್ತದ್ದು ನ್ಯಾಯವೇ. ಪೇಟನ್ ಅದೇ ನವೆಂಬರ್ ಒಂದರಂದು ತೀರಿಕೊಂಡರು. ಅವರ ದಾಖಲೆಯನ್ನು 2002ರಲ್ಲಿ ಎಮಿಟ್ ಸ್ಮಿತ್ ಮುರಿದರು. ಸ್ಮಿತ್ ಆಡಿದ್ದು ಹದಿನೈದು ವರ್ಷ. ಸ್ಯಾಂಡರ್ಸ್‌ಗೆ ಡೆಟ್ರಾಯಿಟ್ ಜನರ ಮುನಿಸು ಕರಗಲು ಬಹುಕಾಲ ಹಿಡಿಯಿತು. 2004ರಲ್ಲೇ ಆಟದ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರಿಗೆ ತಂಡದ ಅಂಗಳದಲ್ಲಿ ಪ್ರತಿಮೆ ಎದ್ದದ್ದು 2023ರಲ್ಲಿ.

ಈಗ ಮೊಮ್ಮಗನ ಮಾತು. ಹಟವನ್ನು ಮುರಿಯಬೇಡಿ, ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಆಟಕ್ಕೆ ಮಾತ್ರ ಅವಸರ ಬೇಡ. ಇನ್ನೊಬ್ಬ ಮಹಾನ್ ಓಟಗಾರ ಅರ್ಲ್ ಕ್ಯಾಂಪ್‌ಬೆಲ್ ಎದುರಾಳಿಗಳಿಗೆ ಗುದ್ದಿಕೊಂಡೇ ಓಡಿದವರು. ನಂತರದ ವರ್ಷಗಳಲ್ಲಿ ಗಾಲಿಕುರ್ಚಿ ಹಿಡಿದರು. ಮಕ್ಕಳಿಗೆ ಫ್ಲ್ಯಾಗ್ ಫುಟ್‌ಬಾಲ್ ಇದೆ: ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಎಳೆದುಕೊಂಡರೆ ಸಾಕು, ಓಟ ಮುಗಿಯಿತು. ಕೆಡವುವುದು, ಗುದ್ದುವುದು ಇಲ್ಲ. ತಿರುಗುವುದು, ನುಣುಚುವುದು, ಗಕ್ಕನೆ ನಿಂತು ದಿಕ್ಕು ಬದಲಿಸುವುದು, ಸ್ಯಾಂಡರ್ಸ್ ಅವರಿಂದ ಕಲಿಯಬೇಕಾದ ವಿದ್ಯೆಯೆಲ್ಲ ಅದರಲ್ಲೂ ಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆ ಆಟವೂ ಸೇರಿದೆ ಎಂದು ಹುಡುಗನಿಗೆ ಹೇಳಿ. ಮಗಳು ಒಪ್ಪಿದರೋ ಇಲ್ಲವೋ, ಮುಂದಿನ ಪತ್ರದಲ್ಲಿ ತಿಳಿಸಿ.

– ಸಂಪಾದಕ