ಬೇಸ್‌ಬಾಲ್ ಪುಸ್ತಕ ಹಿಡಿದರೆ ಅಮೆರಿಕದ ಇತಿಹಾಸ ಯಾಕೆ ಬರುತ್ತದೆ? ಬೇಸ್‌ಬಾಲ್ ಕುರಿತ ಕಾದಂಬರಿಯನ್ನೂ ಓದಬೇಕಾ?

ವರ್ಣಭೇದ ಆ ಮೈದಾನದೊಳಗೇ ಇತ್ತು, ಅದಕ್ಕೆ. ಸುಮಾರು 60 ವರ್ಷ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಜಾಗವಿರಲಿಲ್ಲ. ಬರೆದಿಟ್ಟ ನಿಯಮವಲ್ಲ, ಮಾಲೀಕರ ಒಳಒಪ್ಪಂದ. 1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ 42ನೇ ನಂಬರ್ ಅಂಗಿ ತೊಟ್ಟು ದೊಡ್ಡ ಲೀಗ್‌ನ ಬ್ರೂಕ್ಲಿನ್ ಡಾಜರ್ಸ್ ತಂಡದ ಪರ ಇಳಿದು ಆ ತಡೆ ಮುರಿದರು. ಸೇನೆಯಲ್ಲಿ ಭೇದ ನಿಲ್ಲಿಸುವ ಆದೇಶ ಬಂದದ್ದು 1948ರಲ್ಲಿ, ಶಾಲೆಗಳಲ್ಲಿ ಭೇದ ಸಲ್ಲದೆಂಬ ಕೋರ್ಟ್ ತೀರ್ಪು 1954ರಲ್ಲಿ. ಆಟವೇ ಮುಂದಿತ್ತು, ಅಲ್ವಾ?

ಕಾದಂಬರಿಯನ್ನೂ ಓದಿ. ಕಪ್ಪು ಆಟಗಾರರ ನೀಗ್ರೋ ಲೀಗ್‌ಗಳ ಎಷ್ಟೋ ಪಂದ್ಯಗಳ ಸ್ಕೋರ್ ಉಳಿದೇ ಇಲ್ಲ. ರಾಬಿನ್ಸನ್ ಇಳಿಯುವ ಮೂರು ತಿಂಗಳ ಮುಂಚೆ ತೀರಿಕೊಂಡ, ಆ ಲೀಗ್‌ಗಳ ಆಟಗಾರ ಜಾಷ್ ಗಿಬ್ಸನ್ ಅವರ .372 ಬ್ಯಾಟಿಂಗ್ ಸರಾಸರಿ (ಬ್ಯಾಟಿಂಗ್‌ನ ಸಾವಿರ ಸರದಿಗೆ 372 ಹಿಟ್ ಅಂದಂತೆ) ದೊಡ್ಡ ಲೀಗ್‌ಗಳ ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ! ಅಂಕಿ ಸಿಗದ ಕಡೆ ಬಸ್ ಪ್ರಯಾಣ, ಊಟ ಕೊಡದ ಹೋಟೆಲು, ಆ ಸಿಟ್ಟು ಎಲ್ಲ ಕಾದಂಬರಿಯಲ್ಲೇ ಜಾಸ್ತಿ ಸಿಗುವುದು.