ಕಟ್ಟಿಬಿದ್ದ ಒಂಟೆಗೆ ದಾರಿ ತೆರೆದದ್ದು ಹೇಗೆ?

ಪ್ರಶ್ನೆ: ನೆದರ್ಲೆಂಡ್ಸ್‌ನಲ್ಲಿ ನಡೆದ 2013ರ ವೈಕ್ ಆನ್ ಜೀ ಚೆಸ್ ಟೂರ್ನಿಯಲ್ಲಿ ವಿಶ್ವನಾಥನ್ ಆನಂದ್ ಅವರು ಕಪ್ಪು ಕಾಯಿಗಳಲ್ಲಿ ಆಡಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರನ್ನು 23 ನಡೆಗಳಲ್ಲಿ ಸೋಲಿಸಿದ ಆಟವನ್ನು ಮಗನೊಂದಿಗೆ ಮಣೆಯ ಮೇಲೆ ಆಡಿ ನೋಡಿದೆ. ಆ ಆರಂಭದಲ್ಲಿ ಕಪ್ಪಿನ ಒಂದು ಒಂಟೆ (ಬಿಷಪ್) ತನ್ನದೇ ಕಾಲಾಳಿನ ಹಿಂದೆ ಸಿಕ್ಕಿಬೀಳುತ್ತದೆ. ತಿಳಿದೂ ಅದನ್ನೇಕೆ ಆಡುತ್ತಾರೆ? ಆನೆಯನ್ನು ಬಿಟ್ಟುಕೊಟ್ಟದ್ದು ಜೂಜಲ್ಲವೇ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಆ ಒಂಟೆಯಲ್ಲಿಯೇ ಇದೆ. ಈ ಆರಂಭ ಸೆಮಿ-ಸ್ಲಾವ್ ರಕ್ಷಣೆಯ, ಅಂದರೆ ಕಪ್ಪು ತನ್ನ ಕಾಲಾಳುಗಳನ್ನು ಡಿ5, ಸಿ6, ಇ6 ಮನೆಗಳಲ್ಲಿ ನಿಲ್ಲಿಸುವ ಆರಂಭದ, ಮೆರಾನ್ ಕವಲು. 1924ರಲ್ಲಿ ಇಟಲಿಯ ಮೆರಾನೊ ಊರಿನ ಟೂರ್ನಿಯಲ್ಲಿ ಆಸ್ಟ್ರಿಯಾದ ಗ್ರುನ್‌ಫೆಲ್ಡ್ ವಿರುದ್ಧ ಪೋಲೆಂಡಿನ ಆಟಗಾರ ಅಕಿಬಾ ರೂಬಿನ್‌ಸ್ಟೈನ್ ಇದನ್ನು ಆಡಿದ್ದರಿಂದ ಆ ಹೆಸರು ಬಂತು. ಇ6ರ ಕಾಲಾಳು ಒಂಟೆಯ ಒಂದು ದಾರಿಯನ್ನು ಮುಚ್ಚುವುದು ನಿಜ. ಆದರೆ ಕಪ್ಪು ಆರನೆಯ ನಡೆಯಲ್ಲಿ ಸಿ4ರ ಕಾಲಾಳನ್ನು ಹೊಡೆದು, ಅದನ್ನು ತಿರುಗಿ ಹೊಡೆಯಲು ಬಂದ ಬಿಳಿಯ ಒಂಟೆಯನ್ನು ಬಿ5ರ ಕಾಲಾಳಿನಿಂದ ಹಿಂದಕ್ಕಟ್ಟಿ, ಆ ಬಿಡುವಿನಲ್ಲಿ ತನ್ನ ಒಂಟೆಯನ್ನು ಬಿ7ಕ್ಕೆ ತರುತ್ತದೆ. ಮುಂದೆ ಸಿ6ರ ಕಾಲಾಳು ಸಿ5ಕ್ಕೆ ಸರಿದಾಗ, ಎಚ್1ರವರೆಗಿನ ಓರೆ ಸಾಲು ತೆರೆದುಕೊಳ್ಳುತ್ತದೆ. ಆನಂದ್ ಆ ನಡೆಯನ್ನು ಆಡಿದ್ದು 12ನೆಯದಾಗಿ.

ಇನ್ನು ಆನೆಯ ವಿಷಯ. ಎಚ್7ರ ಕಾಲಾಳನ್ನು ಹೊಡೆದು ನಿಂತ ಬಿಳಿಯ ಕುದುರೆ ಎಫ್8ರ ಆನೆಗೆ ಗುರಿಯಿಟ್ಟಿದ್ದರೂ ಆನಂದ್ ಅತ್ತ ತಿರುಗಿಯೂ ನೋಡದೆ ತಮ್ಮ ಕುದುರೆಯನ್ನು ಜಿ4ಕ್ಕೆ ಕಳಿಸಿದರು. ಅರೋನಿಯನ್ ಕೊನೆಗೂ ಆನೆಯನ್ನು ಹೊಡೆದದ್ದು 19ನೆಯ ನಡೆಯಲ್ಲಿ. ಆ ಕುದುರೆಯನ್ನು ಆನಂದರ ರಾಣಿ 21ನೆಯ ನಡೆಯಲ್ಲಿ ಹೊಡೆದದ್ದರಿಂದ ಲೆಕ್ಕದಲ್ಲಿ ನಷ್ಟ ಅಲ್ಪ. ಇದನ್ನು ಜೂಜು ಎನ್ನಲು ನನಗೆ ಮನಸ್ಸಿಲ್ಲ. ಇಡೀ ದಾಳಿಯ ಕೀಲಿಯಾದ 16ನೆಯ ನಡೆ, ಅಂದರೆ ಡಿ7ರ ಕುದುರೆ ಇ5ಕ್ಕೆ ಜಿಗಿಯುವುದು, 2012ರಲ್ಲಿ ಮಾಸ್ಕೋದಲ್ಲಿ ಇಸ್ರೇಲಿನ ಬೋರಿಸ್ ಗೆಲ್ಫಾಂಡ್ ಜೊತೆ ನಡೆದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕಾಗಿ ಸಿದ್ಧಪಡಿಸಿಟ್ಟಿದ್ದ ನಡೆಯೆಂದು ಆಟದ ನಂತರ ಆನಂದರೇ ತಿಳಿಸಿದರು. ಬಳಸದೆ ಉಳಿದ ಅಸ್ತ್ರವೊಂದು ಬೇರೆಯವರ ಮೇಲೆ ಬಿತ್ತು! ಅಕ್ಕಪಕ್ಕದ ಓರೆ ಸಾಲುಗಳಲ್ಲಿ ಎರಡೂ ಒಂಟೆಗಳು ಬಿಳಿಯ ರಾಜನನ್ನು ಗುರಿಯಿಟ್ಟದ್ದನ್ನು ಕಂಡು ಹಲವರು 1907ರಲ್ಲಿ ಇಂದಿನ ಪೋಲೆಂಡಿನ ಲೋಡ್ಜ್‌ನಲ್ಲಿ ರೊಟ್ಲೆವಿ ವಿರುದ್ಧ ಇದೇ ರೂಬಿನ್‌ಸ್ಟೈನ್ ಗೆದ್ದ ಆಟವನ್ನು ನೆನೆದದ್ದು ಸಹಜವೇ.

ಕೊನೆಯ ನಡೆಯಲ್ಲಿ ಡಿ4ರ ಒಂಟೆ ಇ3ಕ್ಕೆ ಬಂದು, ಡಿ3ರಲ್ಲಿದ್ದ ಬಿಳಿಯ ರಾಣಿ ಎಚ್3ರ ಕಾಲಾಳಿಗೆ ನೀಡುತ್ತಿದ್ದ ಕಾವಲನ್ನು ಕಡಿಯುತ್ತದೆ. ಕಪ್ಪು ರಾಣಿ ಆ ಕಾಲಾಳನ್ನು ಹೊಡೆದು ಶಹ ಕೊಡುವುದನ್ನು ಭಾರಿ ನಷ್ಟವಿಲ್ಲದೆ ತಪ್ಪಿಸಲಾಗದೆ ಅರೋನಿಯನ್ ಸೋಲೊಪ್ಪಿದರು. ಆಟವನ್ನು ಅಲ್ಲಿ ನಿಲ್ಲಿಸಿ, ಎಚ್3ಕ್ಕೆ ಬಂದ ರಾಣಿಯನ್ನು ಜಿ2ರ ಕಾಲಾಳು ಏಕೆ ಹೊಡೆಯುವಂತಿಲ್ಲವೆಂದು ಮಗನನ್ನು ಕೇಳಿರಿ; ಬಿ7ರ ಒಂಟೆಯತ್ತ ಅವನು ಬೆರಳು ತೋರಿಸಿದರೆ ಮೆರಾನ್ ಅವನಿಗೆ ಅರ್ಥವಾಗಿದೆ.